ತೊಗರಿ ಹರವಿದ ಮೈದಾನದಲ್ಲಿ ನಾಲ್ಕು-ಮೂರು-ಮೂರು

ಆ ವರ್ಷ ನಮ್ಮ ಮೈದಾನದ ಎಡಗಡೆಯ ಅರ್ಧ ತೊಗರಿಗೆ ಹೋಗಿತ್ತು.

ಕಮಲಾಪುರದಲ್ಲಿ ಇದೇನು ಹೊಸದಲ್ಲ. ಕೊಯ್ಲಾದ ಮೇಲೆ ಗಟ್ಟಿ ನೆಲ ಎಲ್ಲಿ ಸಿಗುತ್ತದೋ ಅಲ್ಲಿ ತೊಗರಿ ಕಟ್ಟು ತಂದು ಹರವುತ್ತಾರೆ, ಒಣಗಿದ ಮೇಲೆ ಬಡಿದು ರಾಶಿ ಮಾಡುತ್ತಾರೆ. ನಾನು ದೈಹಿಕ ಶಿಕ್ಷಣ ಕಲಿಸುತ್ತಿದ್ದ ಕಾಲೇಜಿನ ಮೈದಾನ ಊರಿಗೆ ಹತ್ತಿರ, ನೆಲ ಗಟ್ಟಿ, ಗೇಟಿಗೆ ಬೀಗವಿಲ್ಲ. ಯಾರೂ ಕೇಳುವುದಿಲ್ಲ, ಯಾರೂ ಬೇಡ ಅನ್ನುವುದೂ ಇಲ್ಲ. ಆದರೆ ಕಲಬುರಗಿಯಲ್ಲಿ ಅಂತರ ಕಾಲೇಜು ಫುಟ್‌ಬಾಲ್ ಪಂದ್ಯಾವಳಿಗೆ ಐದೇ ವಾರ ಉಳಿದಿತ್ತು. ವಿಶ್ವವಿದ್ಯಾಲಯದ ತಂಡವನ್ನು ಆರಿಸುವುದೂ ಅಲ್ಲಿಯೇ. ಹಾಗಾಗಿ ತಂಡದ ಹುಡುಗರ ಜೊತೆ ತೊಗರಿಯವರ ಹತ್ತಿರ ಹೋದೆ. ತಲೆಗೆ ಟವೆಲ್ ಸುತ್ತಿಕೊಂಡು ಕಟ್ಟು ಬಿಚ್ಚುತ್ತಿದ್ದರು ಒಬ್ಬ ಹಿರಿಯರು.

"ಕಾಕಾ, ಹುಡುಗರು ಆಡಬೇಕ್ರಿ. ಜರ ಆ ಕಡಿ ಸರಿಸ್ತೀರೇನು?"

"ಎಲ್ಲಿಗಿ ಸರಸ್ಲಿ ಮಾಸ್ತರ? ನಿಮ್ಮ ಚೆಂಡು ಒದ್ದ ಕಡಿ ಹೋಗ್ತದ. ನನ್ನ ತೊಗರಿಗಿ ಕಾಲು ಅದಾವೇನು?"

"ಎಷ್ಟು ದಿವಸ ಇರ್ತದ್ರಿ?"

"ಅದು ನನಗೇನ್ ಕೇಳ್ತೀರಿ, ಬಿಸಿಲಿಗಿ ಕೇಳ್ರಿ."

ಹುಡುಗರು ನಕ್ಕರು, ನಾನೂ ನಕ್ಕೆ. ಉಳಿದ ಅರ್ಧದಲ್ಲೇ ನಡೆಸೋಣ ಅಂತ ತೀರ್ಮಾನಿಸಿದೆ. ಉದ್ದ ಪೂರ್ತಿ ಇತ್ತು, ಅಗಲ ಮಾತ್ರ ಅರ್ಧ. ಎರಡೂ ತುದಿಯಲ್ಲಿ ಆ ಅರ್ಧದ ನಡುವಿಗೆ ಬಿದಿರು ನೆಟ್ಟು ಗೋಲು ಮಾಡಿದೆವು. ತೊಗರಿಯ ಅಂಚೇ ನಮ್ಮ ಎಡಗಡೆಯ ಗೆರೆ.

ಫುಟ್‌ಬಾಲ್ ನೋಡದವರಿಗಾಗಿ ಒಂದು ಮಾತು ಹೇಳಬೇಕು. ಗೋಲ್‌ಕೀಪರನನ್ನು ಬಿಟ್ಟರೆ ಹತ್ತು ಮಂದಿ ಉಳಿಯುತ್ತಾರೆ. ಅವರನ್ನು ಹಿಂದಿನಿಂದ ಮುಂದಕ್ಕೆ ಸಾಲು ಸಾಲಾಗಿ ಎಣಿಸುತ್ತಾರೆ. ನಾಲ್ಕು-ನಾಲ್ಕು-ಎರಡು ಅಂದರೆ ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು. ನಮ್ಮ ಕಾಲೇಜು ಹಿಂದಿನಿಂದ ಆಡುತ್ತ ಬಂದದ್ದು ಅದನ್ನೇ. ನಾನು ಆ ವರ್ಷ ನಾಲ್ಕು-ಮೂರು-ಮೂರು ಆಡಿಸಬೇಕೆಂದು ಮನಸ್ಸು ಮಾಡಿದೆ. ನಡುವಿನಿಂದ ಒಬ್ಬನನ್ನು ತೆಗೆದು ಮುಂದಕ್ಕೆ ಕಳಿಸುವುದು. ಮುಂದೆ ಮೂವರಾದರೆ ಎದುರಿನವರ ಹಿಂದಿನ ಸಾಲು ಉಸಿರಾಡಲಿಕ್ಕಾಗುವುದಿಲ್ಲ. ಇದು ನನ್ನ ನೋಟ್‌ಬುಕ್ಕಿನಲ್ಲಿತ್ತು, ಬಾಣದ ಗುರುತು ಹಾಕಿ, ಕೆಂಪು ಶಾಯಿಯಲ್ಲಿ.

ನಾನು ಆಡಿ ಬೆಳೆದದ್ದು ಕಬಡ್ಡಿ. ಫುಟ್‌ಬಾಲ್ ಕಲಿತದ್ದು ದೈಹಿಕ ಶಿಕ್ಷಕನಾಗಲು ಬಿ.ಪಿ.ಎಡ್. ಓದುವಾಗ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಪುಸ್ತಕದಲ್ಲಿ. ನಮ್ಮ ಮನೆಯಲ್ಲಿ ಡಿಗ್ರಿ ಅಂತ ಕಂಡವನು ನಾನೇ ಮೊದಲು. ಪುಸ್ತಕದ ನಡುವೆ ಹುಟ್ಟಿದವರು ಪುಸ್ತಕವನ್ನು ಪಕ್ಕಕ್ಕಿಡಬಲ್ಲರು. ನನಗೆ ಅದು ಆಗುತ್ತಿರಲಿಲ್ಲ. ಕಷ್ಟಪಟ್ಟು ಕಲಿತದ್ದು ಸುಳ್ಳಾಗಬಾರದು ಅನ್ನುವ ಹಟ ಒಂದು ಇರುತ್ತದೆ. ಈಗಲೂ ನನ್ನ ಡಿಗ್ರಿಯ ಬಗ್ಗೆ ನನಗೆ ಅಭಿಮಾನವಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಐದು ವಾರ ಆ ಅಭಿಮಾನ ಮಾಡಿದ ಕೆಲಸವನ್ನೂ ಮುಚ್ಚಿಡಬಾರದು.

ಕಲಿಸಿದ್ದು ಹೀಗೆ. ಸುಣ್ಣದ ಪುಡಿಯಿಂದ ನೆಲದ ಮೇಲೆ ಹತ್ತು ವೃತ್ತ ಹಾಕಿದೆ. ಒಬ್ಬೊಬ್ಬನಿಗೆ ಒಂದೊಂದು ವೃತ್ತ. ನಾನು ಚೆಂಡನ್ನು ಕೈಯಲ್ಲಿ ಹಿಡಿದು ಮೈದಾನದಲ್ಲಿ ನಡೆಯುತ್ತಿದ್ದೆ. ಸೀಟಿ ಊದಿದ ಕೂಡಲೇ ಹತ್ತೂ ಮಂದಿ ಓಡಿ ತಮ್ಮ ತಮ್ಮ ವೃತ್ತಕ್ಕೆ ಬಂದು ನಿಲ್ಲಬೇಕು. ಕಬಡ್ಡಿಯಲ್ಲಿ ಕಾರ್ನರ್, ಕವರ್ ಅಂತ ಜಾಗ ಹಂಚಿ ನಿಲ್ಲಿಸುತ್ತೇವಲ್ಲ, ನನ್ನ ತಲೆಯಲ್ಲಿ ಇದ್ದದ್ದು ಅದೇ. ಎರಡು ದಿನಕ್ಕೆ ತೊಗರಿ ತುಂಬಿದ ಟ್ರ್ಯಾಕ್ಟರ್ ಬಂದು ವೃತ್ತಗಳ ಮೇಲೆಯೇ ಹಾದು ಹೋಯಿತು. ಮತ್ತೆ ಹಾಕಿದೆ, ಮತ್ತೆ ಅಳಿಸಿತು. ಮೂರನೇ ಸಲ ನನಗೊಂದು ಉಪಾಯ ಹೊಳೆಯಿತು. ಅಳಿಸಲಾಗದ ಗುರುತು ಕೊಟ್ಟರೆ ಹೇಗೆ?

"ನೋಡ್ರಿ," ಅಂದೆ. "ಬಲಗಡಿ ಹಿಂದಿನವ, ನಿಂದು ಬೇವಿನ ಗಿಡದ ನೇರ. ನಡುವಿನ ಬಲಕ್ಕ ಇರೋನು ನಳದ ನೇರ. ಮುಂದಿನ ಬಲಕ್ಕ ಇರೋನು ಸೈಕಲ್ ಸ್ಟ್ಯಾಂಡಿನ ಮೂಲಿ. ಎಂಟು ನಂಬರ್, ನಿಂದು ಧ್ವಜದ ಕಂಬದ ನೇರ, ತೊಗರಿ ಅಂಚಿನಿಂದ ಹತ್ತು ಹೆಜ್ಜಿ ಒಳಗ. ತಿಳೀತಿಲ್ಲೋ?"

"ತಿಳೀತ್ರಿ ಸರ್."

ನಿಜವಾಗಿ ತಿಳಿಯಿತು. ಒಂದು ವಾರಕ್ಕೆ ಅವರು ಕಣ್ಣು ಕಟ್ಟಿದರೂ ತಮ್ಮ ಜಾಗಕ್ಕೆ ಹೋಗಿ ನಿಲ್ಲುವ ಹಾಗಾದರು. ಗೊಂದಲ ಆಗಬಾರದೆಂದು ಯಾವಾಗಲೂ ಒಂದೇ ಕಡೆಯ ಗೋಲಿಗೆ, ಬಸ್ ಸ್ಟ್ಯಾಂಡಿನ ಕಡೆಯ ಗೋಲಿಗೇ ಆಡಿಸುತ್ತಿದ್ದೆ. ಮೇಲಿನ ಮಹಡಿಯಿಂದ ನೋಡಿದರೆ ನನ್ನ ನೋಟ್‌ಬುಕ್ಕಿನ ಪುಟವೇ ಎದ್ದು ಬಂದು ಓಡಾಡುತ್ತಿರುವಂತೆ ಕಾಣುತ್ತಿತ್ತು. ಪ್ರಿನ್ಸಿಪಾಲರನ್ನು ಕರೆದು ತೋರಿಸಿದೆ. ಅವರು, "ಭಾಳ ಶಿಸ್ತು ಅದ ರೀ," ಅಂದರು. ಅವತ್ತು ನಾನು ಎರಡು ಚಪಾತಿ ಹೆಚ್ಚು ತಿಂದೆ.

ಈ ಎಂಟು ನಂಬರಿನವನ ಬಗ್ಗೆ ಹೇಳಬೇಕು. ಅಂತಿಮ ವರ್ಷದ ವಿದ್ಯಾರ್ಥಿ. ಅವನ ತಂದೆ ಕಮಲಾಪುರದಲ್ಲಿ ಬಾವಿ ಮೋಟರ್ ರಿಪೇರಿ ಮಾಡುತ್ತಿದ್ದರು. ತಾಯಿಯ ತವರು ಕಲಬುರಗಿಯ ರೋಜಾ ಬಡಾವಣೆಯಲ್ಲಿ. ರಜೆ ಬಂತೆಂದರೆ ನಾನಿಯ ಮನೆಗೆ ಹೋಗಿ ಅಲ್ಲಿನ ದೊಡ್ಡ ಹುಡುಗರ ಜೊತೆ ಬಯಲಿನಲ್ಲಿ ಆಡಿ ಬರುತ್ತಿದ್ದ. ಆಟ ಅವನಿಗೆ ಕಾಲಿಗಿಂತ ಮೊದಲು ಕುತ್ತಿಗೆಯಲ್ಲಿತ್ತು. ಚೆಂಡು ಬರುವ ಮುಂಚೆಯೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿ ಇಟ್ಟುಕೊಳ್ಳುತ್ತಿದ್ದ. ನಾನು ಅದನ್ನು ಚಂಚಲ ಬುದ್ಧಿ ಅಂತ ತಿಳಿದಿದ್ದೆ. "ಮುಂದ ನೋಡಿ ಆಡೋ," ಅಂತ ಎಷ್ಟು ಸಲ ಗದರಿದ್ದೇನೋ.

ಮೂರನೇ ವಾರ ಒಂದು ಸಂಜೆ ಅಭ್ಯಾಸ ಮುಗಿದ ಮೇಲೆ, ಎಲ್ಲರೂ ಕೂತು ಕೆಂಪು ಬಾಳೆಹಣ್ಣು ತಿನ್ನುತ್ತಿದ್ದಾಗ ಅವನು ಬಾಯಿ ತೆಗೆದ.

"ಸರ್, ಒಂದ್ ಮಾತು ಕೇಳ್ಲೇನ್ರಿ?"

"ಕೇಳು."

"ಕಲಬುರಗಿದಾಗ ಗ್ರೌಂಡ್ ಭಾಳ ಅಗಲ ಅದರಿ. ನಡುವ ಮೂರೇ ಮಂದಿ ಆದ್ರ ಎಡಗಡಿ ಬಿಲ್ಕುಲ್ ಖಾಲಿ ಬೀಳ್ತದ. ಚೆಂಡು ಯಾ ಕಡಿ ಹೋಗ್ತದೋ ಆ ಕಡಿ ಎಲ್ಲಾರೂ ಸರೀಬೇಕಾಗ್ತದ್ರಿ. ನಾವು ಸರಿಯೋದು ಕಲ್ತೇ ಇಲ್ಲ."

"ಮತ್ತ ನೀ ಏನ್ ಮಾಡು ಅಂತಿ?"

"ಚೆಂಡು ಅವರ ಕಡಿ ಇದ್ದಾಗ ನಾ ಎಡಕ್ಕ ಇಳೀತೀನ್ರಿ. ಮುಂದಿನವ ಒಬ್ಬ ನಡುವ ಬರ್ಲಿ. ಆವಾಗ ಮೊದ್ಲಿನಂಗೇ ನಾಕು-ನಾಕು-ಎರಡು ಆಗ್ತದ. ಚೆಂಡು ನಮಗ ಸಿಕ್ಕಾಗ ಮತ್ತ ನಿಮ್ದು."

ನಿಮ್ದು ಅಂದ. ನಾಲ್ಕು-ಮೂರು-ಮೂರು ನನ್ನದು ಅಂತ ಆಗಲೇ ಎಲ್ಲರಿಗೂ ಗೊತ್ತಾಗಿತ್ತು. ಇಷ್ಟು ಸರಳವಾಗಿ, ಬಾಳೆಹಣ್ಣು ಕೈಯಲ್ಲಿ ಹಿಡಿದು, ಹತ್ತು ಮಂದಿಯ ಮುಂದೆ ಹೇಳಿದನಲ್ಲ ಅನ್ನುವುದು ನನಗೆ ಚುಚ್ಚಿತು.

"ನೀ ಯಾವಾಗ ಬಿ.ಪಿ.ಎಡ್. ಮಾಡಿದ್ಯೋ?" ಅಂದೆ.

ಎಲ್ಲರೂ ಗೊಳ್ಳೆಂದು ನಕ್ಕರು. ಅವನೂ ನಕ್ಕ. ನಗುತ್ತಲೇ ಅಂದ: "ಮಾಡ್ಬೇಕಂತೇ ಆಡ್ಲಾಕತ್ತೀನ್ರಿ ಸರ್."

ಅದು ತಮಾಷೆಯಾಗಿರಲಿಲ್ಲ. ಅವನ ಅಂಕಗಳು ಸಾಧಾರಣ. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ಪ್ರಮಾಣಪತ್ರ ಇದ್ದರೆ ಬಿ.ಪಿ.ಎಡ್. ಪ್ರವೇಶಕ್ಕೆ ಅದರ ತೂಕವೇ ಬೇರೆ. ಅಂತಿಮ ವರ್ಷ, ಇದೇ ಕಡೆಯ ಪಂದ್ಯಾವಳಿ. ಅವನಿಗೆ ಆಗಬೇಕಿದ್ದದ್ದು ನಾನು ಏನಾಗಿದ್ದೆನೋ ಅದು: ಕೊರಳಲ್ಲಿ ಸೀಟಿ, ಹೆಸರಿನ ಮುಂದೆ ಡಿಗ್ರಿ, ಒಂದು ಕಾಲೇಜಿನ ಮೈದಾನ. ನನಗೆ ಇದು ಗೊತ್ತಿತ್ತು. ಗೊತ್ತಿದ್ದೇ ನಕ್ಕಿದ್ದು.

ನಾಲ್ಕನೇ ವಾರ ಪಕ್ಕದ ತಾಲೂಕಿನ ಕಾಲೇಜೊಂದು ಅಭ್ಯಾಸ ಪಂದ್ಯಕ್ಕೆ ಬಂತು. ಬಿದಿರಿನ ಗೋಲು ನೋಡಿ ಅವರು ಮೂಗು ಮುರಿದರು. ಆಡಿದ ಮೇಲೆ ಮುರಿಯಲಿಲ್ಲ. ನಮ್ಮ ಮೈದಾನ ಅಂತ ವಿರಾಮದಲ್ಲಿ ಕಡೆ ಬದಲಿಸದೆಯೇ ಆಡಿ, ಮೂರು ಗೋಲು ಹೊಡೆದು ಕಳಿಸಿದೆವು. ಅರ್ಧ ಅಗಲದಲ್ಲಿ ಮೂವರು ನಿಂತರೆ ನಡು ಗೋಡೆಯ ಹಾಗೆ ಮುಚ್ಚಿಬಿಡುತ್ತದೆ, ಸರಿಯುವ ಅಗತ್ಯವೇ ಬೀಳುವುದಿಲ್ಲ. ಗೆದ್ದದ್ದು ನನ್ನ ವ್ಯೂಹವಲ್ಲ, ಆ ಕಾಕಾನ ತೊಗರಿ. ಅವತ್ತು ಇದು ನನಗೆ ಹೊಳೆಯಲಿಲ್ಲ. ಪಂದ್ಯ ಮುಗಿದ ಮೇಲೆ ಎಂಟು ನಂಬರಿನ ಕಡೆ ತಿರುಗಿ, "ಹ್ಯಾಂಗ ಅದ?" ಅಂದೆ. ಅವನು "ಛಲೋ ಅದರಿ" ಅಂದು ಬೂಟಿನ ಮಣ್ಣು ಬಡಿದುಕೊಂಡ.

ಕಲಬುರಗಿಯಲ್ಲಿ ನಮಗೆ ಶರಣಬಸವೇಶ್ವರ ದೇವಸ್ಥಾನದ ಹತ್ತಿರ ಒಂದು ವಿದ್ಯಾರ್ಥಿ ನಿಲಯದಲ್ಲಿ ಇಳಿಯುವ ವ್ಯವಸ್ಥೆ ಆಗಿತ್ತು. ಎಂಟು ನಂಬರಿನವನು ಮಾತ್ರ ನಾನಿಯ ಮನೆಯಲ್ಲಿ ಉಳಿದು, ಬೆಳಿಗ್ಗೆ ಇಡೀ ತಂಡಕ್ಕೆ ಆಗುವಷ್ಟು ಖಿಚಡಿ ಹೊತ್ತು ತಂದ. ಮೊದಲ ಪಂದ್ಯಕ್ಕೆ ಮುಂಚೆ ನಾನು ಹೆಸರಿನ ಪಟ್ಟಿ ಕೊಟ್ಟು ಬರುವಷ್ಟರಲ್ಲಿ ಅವನು ಮೈದಾನದ ಅಗಲವನ್ನು ಹೆಜ್ಜೆಯಲ್ಲಿ ಅಳೆದು ಬಂದಿದ್ದ.

"ನಮ್ದಕ್ಕಿಂತ ಎರಡು ಪಟ್ಟು ಅದರಿ ಸರ್."

"ಅಳತಿ ನನಗ ಗೊತ್ತದ," ಅಂದೆ. ಗೊತ್ತಿತ್ತು ಕೂಡ. ಮೈದಾನದ ಅಳತೆ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದವನು ನಾನು.

ಪಂದ್ಯ ಶುರುವಾಗಿ ಹತ್ತು ನಿಮಿಷದಲ್ಲಿ ನಮ್ಮ ಹುಡುಗರಿಗೆ ಏನೋ ಆಗಿದೆ ಅನ್ನಿಸಿತು. ಅವರು ಚೆಂಡು ಬಿಟ್ಟು ಸುತ್ತಮುತ್ತ ಹುಡುಕುತ್ತಿದ್ದರು. ಬಲಗಡೆಯ ಹಿಂದಿನವನು ಪದೇ ಪದೇ ಹೊರಗಡೆ ನೋಡುತ್ತಿದ್ದ. ಅಲ್ಲಿ ಗ್ಯಾಲರಿಯ ಮೆಟ್ಟಿಲು ಬಿಟ್ಟರೆ ಮತ್ತೇನೂ ಇರಲಿಲ್ಲ. ಎಡಗಡೆ ಇಡೀ ಬಯಲು ಬಯಲಾಗಿಯೇ ಉಳಿದಿತ್ತು. ಎದುರಿನವರ ಬಲಗಡೆಯ ಆಟಗಾರ ಅಲ್ಲಿ ಒಬ್ಬನೇ ಆರಾಮಾಗಿ ಓಡಾಡುತ್ತಿದ್ದ. ಚೆಂಡು ಅವನಿಗೆ ಹೋದಾಗಲೆಲ್ಲ ನಮ್ಮ ಎಡಗಡೆಯ ಹಿಂದಿನವನು ಒಬ್ಬನೇ ಇಬ್ಬರಿಗೆ ಎದುರಾಗುತ್ತಿದ್ದ. ಇಪ್ಪತ್ತು ನಿಮಿಷ ನೋಡಿದ ಎಂಟು ನಂಬರಿನವನು ಯಾರನ್ನೂ ಕೇಳಲಿಲ್ಲ. ತನ್ನ ಜಾಗ ಬಿಟ್ಟು ಎಡಕ್ಕೆ ಇಳಿದ. ಮುಂದಿನ ಎಡಗಡೆಯವನನ್ನು ಕೂಗಿ ನಡುವಿಗೆ ಕರೆದ. ಅಲ್ಲಿಂದ ಎದುರಿನವರ ದಾರಿ ಕಟ್ಟಿತು. ಎರಡನೇ ಅರ್ಧದಲ್ಲಿ ಅವನೇ ಚೆಂಡು ಕಸಿದು, ಬಲಗಡೆಗೆ ಉದ್ದಕ್ಕೆ ಎತ್ತಿ ಹಾಕಿದ, ಅದರಿಂದ ಗೋಲು. ಒಂದು-ಸೊನ್ನೆ ಗೆದ್ದೆವು.

ಆಯ್ಕೆ ಸಮಿತಿಯ ಒಬ್ಬರು ಗೆರೆಯ ಪಕ್ಕ ಕುರ್ಚಿ ಹಾಕಿಕೊಂಡು ಬರೆದುಕೊಳ್ಳುತ್ತಿದ್ದರು. ಎಲ್ಲರೂ ಕುಣಿದರು. ನಾನು ಮಾತ್ರ ಸಂಜೆಯವರೆಗೆ ಬಿಗಿದುಕೊಂಡಿದ್ದೆ. ವಿದ್ಯಾರ್ಥಿ ನಿಲಯದ ವರಾಂಡದಲ್ಲಿ ಹುಡುಗರು ಶೇಂಗಾ ಒಡೆಯುತ್ತ ಕೂತಿದ್ದಾಗ ಅವನನ್ನು ಎಬ್ಬಿಸಿ ನಿಲ್ಲಿಸಿದೆ.

"ನಿನ್ನ ಜಾಗ ಯಾವ್ದು?"

"ನಡುವಿನ ಎಡಕ್ಕರಿ."

"ಇವತ್ತು ಎಲ್ಲಿದ್ದಿ?"

"ಖಾಲಿ ಎಲ್ಲಿತ್ತೋ ಅಲ್ಲಿದ್ದೆರಿ."

ಗೋಲ್‌ಕೀಪರ್ ನಡುವೆ ಬಾಯಿ ಹಾಕಿದ. "ಸರ್, ಅಂವ ಇಳೀಲಿಲ್ಲಂದ್ರ ನಾ ಇವತ್ತು ನಾಕು ಗೋಲು ತಿಂದು ಊಟಕ್ಕೇ ಬರ್ತಿರ್ಲಿಲ್ರಿ."

"ನಿನ್ನ ಯಾರು ಕೇಳ್ಯಾರ? ನೀ ಶೇಂಗಾ ತಿನ್ನು," ಅಂದೆ. ನಗಬೇಕಾದವರೂ ನಗಲಿಲ್ಲ. "ನೋಡು, ಗೆದ್ದೀವಿ ಅಂತ ತಪ್ಪು ಸರಿ ಆಗೂದಿಲ್ಲ. ಒಬ್ಬ ಜಾಗ ಬಿಟ್ರ ಹತ್ತೂ ಮಂದಿ ಬಿಟ್ಟಂಗ. ನಾಳಿ ಸೆಮಿಫೈನಲ್. ನಾಳಿ ಜಾಗ ಬಿಟ್ಟಿ ಅಂದ್ರ ಹೊರಗ ಕೂಡಿಸ್ತೀನಿ. ಹೊರಗ ಕುಂತವನ್ನ ಆಯ್ಕೆದವರು ನೋಡೂದಿಲ್ಲ, ತಿಳ್ಕೋ."

ಅವನು ತಲೆ ತಗ್ಗಿಸಿದ. "ಬಿಡಲ್ರಿ ಸರ್," ಅಂದ.

ಮರುದಿನ ಅವನು ಆಡಿದ ಮಾತಿಗೆ ತಪ್ಪಲಿಲ್ಲ.

ಎದುರಿನ ತಂಡ ನಮ್ಮ ಮೊದಲ ಪಂದ್ಯ ನೋಡಿತ್ತು. ಮೊದಲ ನಿಮಿಷದಿಂದಲೇ ಚೆಂಡನ್ನು ನಮ್ಮ ಎಡಗಡೆಗೆ ಹಾಕುತ್ತ ಹೋದರು. ಎಂಟು ನಂಬರಿನವನು ತನ್ನ ಜಾಗದಲ್ಲಿ ನಿಂತಿದ್ದ. ಮೂವತ್ತು-ನಲವತ್ತು ಹೆಜ್ಜೆ ಆಚೆ ನಮ್ಮ ಹಿಂದಿನವನು ಒಬ್ಬನೇ ಒದ್ದಾಡುತ್ತಿದ್ದ. ಪ್ರತಿ ಸಲ ಚೆಂಡು ಆ ಕಡೆ ಹೋದಾಗ ಇವನು ಎರಡು ಹೆಜ್ಜೆ ಇಡುತ್ತಿದ್ದ, ನಿಲ್ಲುತ್ತಿದ್ದ, ನನ್ನ ಕಡೆ ನೋಡುತ್ತಿದ್ದ. ನಾನು ಅಂಗೈ ತೋರಿಸಿ ನಿಲ್ಲು ಅನ್ನುತ್ತಿದ್ದೆ. ಇಪ್ಪತ್ತೈದನೇ ನಿಮಿಷಕ್ಕೆ ಅದೇ ಕಡೆಯಿಂದ ಬಂದ ಚೆಂಡಿಗೆ ಗೋಲು.

ವಿರಾಮದಲ್ಲಿ ಎಲ್ಲರೂ ನೀರು ಕುಡಿಯುತ್ತಿದ್ದರು. ಅವನು ನೀರು ಮುಟ್ಟಲಿಲ್ಲ, ಸೀದಾ ನನ್ನ ಹತ್ತಿರ ಬಂದ.

"ಸರ್, ಎಡಕ್ಕ ಇಳೀಲೇನ್ರಿ? ಒಂದ್ ಹತ್ತು ನಿಮಿಷ ಸಾಕು. ಆಗಲಿಲ್ಲಂದ್ರ ಮತ್ತ ವಾಪಸ್ ಬರ್ತೀನ್ರಿ."

ಆ ಕ್ಷಣವನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಅವನು ಹೇಳಿದ್ದು ಸರಿ ಅಂತ ನನಗೆ ಆಗಲೇ ಗೊತ್ತಾಗಿತ್ತು. ಗೊತ್ತಾಗಲಿಲ್ಲ ಅಂದರೆ ಸುಳ್ಳು. ಎಡಗಡೆಯ ಬಯಲು ಕಣ್ಣಿಗೆ ಹೊಡೆಯುವ ಹಾಗಿತ್ತು. ಆದರೆ ನಿನ್ನೆ ಎಲ್ಲರ ಮುಂದೆ ಅಷ್ಟು ಹೇಳಿದ್ದೆ. ಇವತ್ತು ಇಳಿ ಅಂದರೆ ಐದು ವಾರ ಸೀಟಿ ಊದಿದ್ದೆಲ್ಲ ಎಲ್ಲಿಗೆ ಹೋಯಿತು? ನೋಟ್‌ಬುಕ್ ತೆಗೆದು ನೋಡಿದ ಹಾಗೆ ಮಾಡಿದೆ. ಓದಲಿಲ್ಲ, ಸುಮ್ಮನೆ ಪುಟ ತಿರುವಿದೆ.

"ಜಾಗ ಬಿಡಬ್ಯಾಡ," ಅಂದೆ.

ಎರಡನೇ ಅರ್ಧದಲ್ಲಿ ತಂಡಗಳು ಕಡೆ ಬದಲಿಸಿದವು. ನಮ್ಮ ಹುಡುಗರು ಇನ್ನಷ್ಟು ದಿಕ್ಕು ತಪ್ಪಿದರು. ಐದು ವಾರ ಒಂದೇ ಗೋಲಿನ ಕಡೆ ಆಡಿದವರಲ್ಲವೆ. ಇನ್ನೆರಡು ಗೋಲು ಬಿದ್ದವು, ಎರಡೂ ಅದೇ ಎಡಗಡೆಯಿಂದ. ಎಂಟು ನಂಬರಿನವನ ಕಾಲಿಗೆ ಚೆಂಡು ಹತ್ತು ಸಲ ಕೂಡ ಬಂದಿರಲಿಕ್ಕಿಲ್ಲ. ಕಡೆಕಡೆಗೆ ಅವನು ನನ್ನ ಕಡೆ ನೋಡುವುದನ್ನೂ ಬಿಟ್ಟ. ಎಡಕ್ಕೆ ಬಲಕ್ಕೆ ಕುತ್ತಿಗೆ ತಿರುಗಿಸುವುದನ್ನೂ ಬಿಟ್ಟ. ಮುಂದೆ ನೋಡಿಕೊಂಡು ನಿಂತಿದ್ದ, ನಾನು ಕಲಿಸಿದ ಹಾಗೆ.

ಪಂದ್ಯ ಮುಗಿದ ಮೇಲೆ ಆಯ್ಕೆ ಸಮಿತಿಯ ಹಿರಿಯರು ನನ್ನನ್ನು ಕರೆದರು. ನಾವು ನಿಂತಲ್ಲಿಂದ ನಾಲ್ಕು ಹೆಜ್ಜೆಗೆ ಹುಡುಗರು ಬೂಟು ಬಿಚ್ಚುತ್ತ ಕೂತಿದ್ದರು. ಹಿರಿಯರ ಕೈಯಲ್ಲಿ ಎರಡೂ ದಿನದ ಹಾಳೆಗಳಿದ್ದವು.

"ಮಾಸ್ತರ, ನಿಮ್ಮ ಎಂಟು ನಂಬರಂದು ನಿನ್ನಿ ವರದಿ ಭಾಳ ಛಲೋ ಅದ. ಇವತ್ತು ನಿಂತಲ್ಲೇ ನಿಂತಾನ. ಪಕ್ಕದಾಗ ಮನೀ ಹತ್ತಿ ಉರ್ಯಾಕತ್ರೂ ನೋಡ್ಲಿಲ್ಲ. ಯಾಕ್ರಿ? ನೀವೇನರ ನಿಲ್ಲು ಅಂದಿದ್ರೇನು?"

ಇದಕ್ಕಿಂತ ಬಾಗಿಲು ತೆರೆದು ಯಾರು ಕೇಳುತ್ತಾರೆ? 'ಹೌದ್ರಿ, ನಾನೇ ಅಂದಿದ್ದೆ.' ಇಷ್ಟೇ ಮಾತು. ಆದರೆ ಅವರು ದೊಡ್ಡವರು, ಆಟ ಬಲ್ಲವರು. ಹೌದು ಅಂದರೆ ಅವರ ಮುಂದೆ ನಾನು ಕಲಿಯದವನ ಹಾಗೆ ಕಾಣುತ್ತಿದ್ದೆ. ಈ ಓದಿಗೆ ನಾನು ಬಂದ ದಾರಿ, ಎಲ್ಲೆಲ್ಲಿ ನಿಂತು ಎಷ್ಟೆಷ್ಟು ಕೇಳಿಸಿಕೊಂಡು ಬಂದದ್ದು, ಎಲ್ಲ ಒಮ್ಮೆಗೇ ನೆನಪಾಯಿತು.

"ದೊಡ್ಡ ಮ್ಯಾಚ್ ಅಲ್ರಿ ಸರ್," ಅಂದೆ. "ಜರ ಹೆದರ್ಯಾನ."

ಹಿರಿಯರು "ಹೌದಾ" ಅಂದು ಹಾಳೆಯ ಮೇಲೆ ಏನೋ ಗೀಚಿದರು. ನಾನು ತಿರುಗಿ ನೋಡಿದೆ. ಎಂಟು ನಂಬರಿನವನು ಬೂಟಿನ ದಾರ ಬಿಚ್ಚುತ್ತಿದ್ದ. ದಾರ ಬಿಚ್ಚಿಯಾಗಿತ್ತು; ಆದರೂ ಬಿಚ್ಚುತ್ತಲೇ ಇದ್ದ.

ಕಮಲಾಪುರಕ್ಕೆ ಮರಳಿದ ಮರುದಿನ ಮೈದಾನ ಖಾಲಿಯಾಗಿತ್ತು. ತೊಗರಿ ರಾಶಿಯಾಗಿ ಹೊರಟುಹೋಗಿತ್ತು, ನೆಲದ ಮೇಲೆ ಹೊಟ್ಟು ಮಾತ್ರ. ಹುಡುಗರನ್ನು ಕರೆದು ಪೂರ್ತಿ ಅಗಲದಲ್ಲಿ ನಿಲ್ಲಿ ಅಂದೆ. ಎಂಟು ನಂಬರಿನವನು ಬಂದಿರಲಿಲ್ಲ. ಬಲಗಡೆಯ ಹಿಂದಿನವನು ಬೇವಿನ ಗಿಡದ ನೇರ ಹೋಗಿ ನಿಂತ.

"ನಿನ್ನ ಪಕ್ಕದಾಗ ಇರೋನು ನಿನಗ ಎಷ್ಟು ದೂರ ಇರ್ಬೇಕು?" ಅಂತ ಕೇಳಿದೆ.

"ಅದು ಗೊತ್ತಿಲ್ರಿ ಸರ್. ನನಗ ಗಿಡ ಹೇಳೀರಿ."

ಒಬ್ಬೊಬ್ಬರನ್ನೇ ಕೇಳಿದೆ. ಒಬ್ಬನಿಗೆ ನಳ ಗೊತ್ತಿತ್ತು, ಒಬ್ಬನಿಗೆ ಸೈಕಲ್ ಸ್ಟ್ಯಾಂಡ್. ಯಾರಿಗೂ ಇನ್ನೊಬ್ಬ ಗೊತ್ತಿರಲಿಲ್ಲ. ನಾಲ್ಕು-ಮೂರು-ಮೂರು ಆಗಲಿ, ನಾಲ್ಕು-ನಾಲ್ಕು-ಎರಡು ಆಗಲಿ, ಅದು ಹತ್ತು ಜಾಗದ ಲೆಕ್ಕವಲ್ಲ. ಒಬ್ಬ ಸರಿದರೆ ಪಕ್ಕದವನು ಎಷ್ಟು ಸರಿಯಬೇಕು ಅನ್ನುವ ಲೆಕ್ಕ. ಒಂದೇ ಹಗ್ಗಕ್ಕೆ ಹತ್ತು ಮಂದಿಯನ್ನು ಕಟ್ಟಿದ ಹಾಗೆ. ಈಗ ಕಲಿಸುವಾಗ ನಾನು ನಿಜವಾಗಿಯೇ ಹಿಂದಿನ ನಾಲ್ವರ ಸೊಂಟಕ್ಕೆ ಹಗ್ಗ ಕಟ್ಟಿ ನಡೆಸುತ್ತೇನೆ; ಹಗ್ಗ ಬಿಗಿದರೆ ದೂರವಾದಿರಿ, ಜೋತುಬಿದ್ದರೆ ಹತ್ತಿರವಾದಿರಿ. ನಡುವಿನವರು ಹತ್ತು ಎಣಿಸುವುದರೊಳಗೆ ಎರಡು ಸಲ ಹಿಂದೆ ತಿರುಗಿ ನೋಡದಿದ್ದರೆ ಸೀಟಿ ಊದುತ್ತೇನೆ. ಇದೆಲ್ಲ ಒಬ್ಬನಿಗೆ ಮೊದಲೇ ಬರುತ್ತಿತ್ತು, ಯಾರೂ ಕಲಿಸದೆ.

ಆ ರಾತ್ರಿಯೇ ಆಯ್ಕೆ ಸಮಿತಿಗೆ ಪತ್ರ ಬರೆದೆ. ನಿಲ್ಲು ಅಂದದ್ದು ನಾನು, ಆಟಗಾರನ ತಪ್ಪಿಲ್ಲ ಅಂತ. ಎರಡು ಸಲ ಹರಿದು ಮೂರನೇ ಸಲ ಬರೆದದ್ದನ್ನು ಲಕೋಟೆಗೆ ಹಾಕಿದೆ. ಅಂಚೆಗೆ ಹಾಕಬಹುದಿತ್ತು; ಖುದ್ದಾಗಿ ಕೊಡುತ್ತೇನೆ ಅಂದುಕೊಂಡೆ. ಖುದ್ದಾಗಿ ಹೋಗಲು ಧೈರ್ಯ ಬರುವುದಕ್ಕೆ ಮೂರು ದಿನ ಹಿಡಿಯಿತು. ನಾಲ್ಕನೇ ದಿನ ಕಲಬುರಗಿಯ ಬಸ್ಸು ಹತ್ತಿದೆ. ಹಿರಿಯರು ಪತ್ರ ಓದಿದರು, ಮಡಚಿದರು, ನನ್ನ ಕೈಗೇ ವಾಪಸ್ ಕೊಟ್ಟರು.

"ಪಟ್ಟಿ ನಿನ್ನಿ ಹೋಗ್ಯದ ಮಾಸ್ತರ. ಅವನ ಹೆಸರು ನನ್ನ ಪಟ್ಟಿದಾಗ ಕಡೀಕ ಇತ್ತು, ಇಡೂದೋ ಬಿಡೂದೋ ಅಂತ. ಅವತ್ತು ನಾ ನಿಮಗ ಕೇಳಿದ್ದು ಅದಕ್ಕೇ."

"ಏನೂ ಮಾಡಾಕ ಬರಲ್ಲೇನ್ರಿ?"

"ಒಬ್ಬನ್ನ ಸೇರಸ್ಬೇಕಂದ್ರ ಒಬ್ಬನ್ನ ತೆಗೀಬೇಕು. ಆ ಇನ್ನೊಬ್ಬ ಹುಡುಗನ ಮಾಸ್ತರ ಏನೂ ತಪ್ಪು ಹೇಳಿಲ್ಲಲ್ರಿ."

ಮರಳಿ ಬಂದು ಎಂಟು ನಂಬರಿನವನಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಚ್ಚಿದಾಗ ಅವನು ನಿಂತು ಓದಿದ್ದನ್ನು ನನ್ನ ಕೋಣೆಯ ಕಿಟಕಿಯಿಂದ ನೋಡಿದೆ. ಮೇಲಿನಿಂದ ಕೆಳಗೆ ಒಮ್ಮೆ ಓದಿದ, ಆಮೇಲೆ ತರಗತಿಗೆ ಹೋದ. ಪರೀಕ್ಷೆ ಮುಗಿಯುವವರೆಗೆ ಕಾರಿಡಾರಿನಲ್ಲಿ ಕಂಡಾಗ "ನಮಸ್ಕಾರ್ರಿ ಸರ್" ಅನ್ನುವುದನ್ನು ಅವನು ಒಮ್ಮೆಯೂ ತಪ್ಪಿಸಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ಅವನು ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದ್ದಾನೆ ಅಂತ ಗೋಲ್‌ಕೀಪರ್ ಹೇಳಿದ. ಒಂದು ಶನಿವಾರ ಮಧ್ಯಾಹ್ನ ಹುಡುಕಿಕೊಂಡು ಹೋದೆ. ಅವನು ಹೊರಗೆ ಬಂದ. ಹುಬ್ಬು, ಮೀಸೆ ಎಲ್ಲ ಬೇಳೆಯ ಧೂಳಿನಿಂದ ಹಳದಿ. ಮಿಲ್ಲಿನ ಸದ್ದಿಗೆ ಜೋರಾಗಿ ಮಾತಾಡಬೇಕಾಗಿತ್ತು. ಕ್ಷಮೆ ಕೇಳುವ ಮಾತನ್ನು ಕೂಗಿ ಹೇಳುವುದು ಎಷ್ಟು ಕಷ್ಟ ಅನ್ನುವುದು ಅವತ್ತು ತಿಳಿಯಿತು.

"ಬಿ.ಪಿ.ಎಡ್. ಅರ್ಜಿ ಹಾಕಿದ್ದೇನು?" ಅಂತ ಮೊದಲು ಕೇಳಿದೆ.

"ಹಾಕಿದ್ದೆರಿ. ಆಗಲಿಲ್ಲ. ನಮ್ಮ ಅಬ್ಬಾ ಅಂದ್ರು, ಮನೀಗಿ ಜರ ಆಸರಾಗು ಅಂತ. ಬಂದೀನಿ."

"ಮುಂದಿನ ವರ್ಷ ಮತ್ತ ಹಾಕು. ನಾ ಓಡಾಡ್ತೀನಿ."

"ನೋಡೂಣ್ರಿ."

ಆಮೇಲೆ ಹೇಳಿದೆ. ಆಯ್ಕೆ ಸಮಿತಿಯವರು ಕೇಳಿದ್ದು, ನಾನು ಅಂದದ್ದು, ಪತ್ರ, ಮೂರು ದಿನ ತಡ ಮಾಡಿದ್ದು, ಒಂದನ್ನೂ ಬಿಡಲಿಲ್ಲ. ಅವನು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಕೇಳಿಸಿಕೊಂಡ.

"ನನಗ ಗೊತ್ತದರಿ ಸರ್. ನಾ ಅಲ್ಲೇ ಕುಂತಿದ್ದೆ."

"ಅವತ್ತೇ ಎದ್ದು ಬಂದು ಹೇಳ್ಬೇಕಿತ್ತಲ್ಲೋ, ಸರ್ ಸುಳ್ಳು ಹೇಳಾಕತ್ತಾರ ಅಂತ!"

ಅವನಿಗೆ ಸ್ವಲ್ಪ ನಗು ಬಂತು. ಸಿಟ್ಟಿನ ನಗೆಯಾಗಿರಲಿಲ್ಲ ಅದು. ಸಿಟ್ಟಿದ್ದಿದ್ದರೆ ನನಗೆ ಹಗುರಾಗುತ್ತಿತ್ತು.

"ನೀವು ಸುಳ್ಳು ಎಲ್ಲಿ ಹೇಳೀರಿ ಸರ್? ಹೆದರ್ಯಾನ ಅಂದ್ರಿ. ಖರೇನೇ ಹೆದರಿದ್ದೆ. ಮ್ಯಾಚಿಗಲ್ರಿ, ನಿಮಗ."

ಒಳಗಿನಿಂದ ಯಾರೋ ಅವನನ್ನು ಕೂಗಿದರು. "ಬರ್ತೀನ್ರಿ ಸರ್" ಅಂದು ಕೈಯೆತ್ತಿ ನಮಸ್ಕಾರ ಮಾಡಿ ಹೋದ. ನಾನು ಗೇಟಿನ ಹೊರಗೆ ಸುಮಾರು ಹೊತ್ತು ನಿಂತಿದ್ದೆ.